ಚಿಕ್ಕಮಗಳೂರು ತೋಟದ ಟ್ರೇಲ್ ರೇಸ್: ನನಗೆ 50 ಕಿ.ಮೀ., ಗೆಳತಿಗೆ 30 ಕಿ.ಮೀ., ಇಬ್ಬರಿಗೂ ಒಂದೇ ಕಾರು

ಕೇಳಿದವರು: ಮಂಜಿನಹನಿ

ನವೆಂಬರ್ ಮೊದಲ ಶನಿವಾರ ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗೆ ನಡೆಯೋ ಟ್ರೇಲ್ ರೇಸಿಗೆ ನಾನೂ ಗೆಳತಿಯೂ ಹೆಸರು ಕೊಟ್ಟಿದ್ದೇವೆ. ಇನ್ನು ಒಂಬತ್ತು ವಾರ ಇದೆ. ಇಬ್ಬರೂ ಬೆಂಗಳೂರಿನವರು, ಇಬ್ಬರಿಗೂ ಇದು ಮೊದಲ ಟ್ರೇಲ್.

ನನ್ನದು 50 ಕಿ.ಮೀ. ಒಟ್ಟು ಏರಿಕೆ 1,700 ಮೀ., ಶುರು ಬೆಳಿಗ್ಗೆ 6ಕ್ಕೆ, ಕಟಾಫ್ (ಮುಗಿಸೋಕೆ ಕೊಡೋ ಗಡುವು) 11 ತಾಸು. ಅವಳದು 30 ಕಿ.ಮೀ., ಏರಿಕೆ 900 ಮೀ., ಶುರು 7ಕ್ಕೆ, ಕಟಾಫ್ 7 ತಾಸು. ಏಡ್ ಸ್ಟೇಷನ್ (ನೀರು, ತಿನಿಸು ಸಿಗೋ ಜಾಗ) 6ರಿಂದ 8 ಕಿ.ಮೀ.ಗೊಂದು. 50ರವರು 25ನೇ ಕಿ.ಮೀ.ಯಲ್ಲಿ ಡ್ರಾಪ್ ಬ್ಯಾಗ್, ಅಂದ್ರೆ ದಾರಿಯಲ್ಲಿ ಬೇಕಾಗೋ ಸಾಮಾನಿನ ಚೀಲ, ಇಡಬಹುದು. ರಸ್ತೆ ಓಟದಲ್ಲಿ ನನ್ನ ಫುಲ್ ಮ್ಯಾರಥಾನ್ 4 ಗಂಟೆ 30 ನಿಮಿಷ, ಅವಳ ಹಾಫ್ 2 ಗಂಟೆ 20 ನಿಮಿಷ.

ಪ್ರಶ್ನೆಗಳು: ಎಷ್ಟು ಹೊತ್ತಿಗೆ ಮುಗಿಸಬಹುದು? ಬೆಂಗಳೂರಲ್ಲಿ ಇದ್ದುಕೊಂಡು ಗುಡ್ಡದ ಅಭ್ಯಾಸ ಹೇಗೆ? ಏನು ತಿನ್ನಬೇಕು, ಎಷ್ಟು ಕುಡಿಯಬೇಕು? ಕಾರು ಒಂದೇ, ಶುರುವಾಗೋ ಹೊತ್ತು ಬೇರೆ ಬೇರೆ, ಇದನ್ನ ಹೇಗೆ ಹೊಂದಿಸೋದು? ಶನಿವಾರ ರಾತ್ರಿಯೇ ವಾಪಸ್ ಹೊರಡೋ ಯೋಚನೆ ಇದೆ.


ಉತ್ತರ 1: ಕೆಂಪುಮಣ್ಣು

ಮೊದಲು ಹೊತ್ತಿನ ಲೆಕ್ಕ ಹಾಕಿಕೊಳ್ಳಿ. ಊಟ, ನೀರು, ಕಾರು ಎಲ್ಲ ಅದರ ಮೇಲೆ ನಿಂತಿದೆ. ಟ್ರೇಲಿನಲ್ಲಿ ಬರೀ ಕಿ.ಮೀ. ನೋಡಿದರೆ ಮೋಸ ಹೋಗ್ತೀರಿ. ಐಟಿಆರ್‌ಎ ಅನ್ನೋ ಅಂತರರಾಷ್ಟ್ರೀಯ ಟ್ರೇಲ್ ಓಟದ ಸಂಸ್ಥೆ ಬಳಸೋ ಸೂತ್ರ ಸುಲಭವಾಗಿದೆ: ಪ್ರತಿ 100 ಮೀ. ಏರಿಕೆಗೆ 1 ಕಿ.ಮೀ. ಸೇರಿಸೋದು. ನಿಮ್ಮದು 50 ಕೂಡಿಸು 17, ಅಂದ್ರೆ 67. ಗೆಳತಿಯದು 30 ಕೂಡಿಸು 9, ಅಂದ್ರೆ 39.

ನಿಮ್ಮ ಮ್ಯಾರಥಾನ್ ವೇಗ ಕಿ.ಮೀ.ಗೆ ಸುಮಾರು 6 ನಿಮಿಷ 24 ಸೆಕೆಂಡ್. 67ಕ್ಕೆ ಗುಣಿಸಿದರೆ 7 ಗಂಟೆ 9 ನಿಮಿಷ. ಕೆಸರು, ಕಲ್ಲು, ಕೊನೆಯ ಸುಸ್ತು ಅಂತ ಶೇ. 20ರಿಂದ 25 ಸೇರಿಸಿ, 8:35ರಿಂದ 8:56. ಆರು ಏಡ್ ಸ್ಟೇಷನ್‌ಗೆ ನಾಲ್ಕು ನಾಲ್ಕು ನಿಮಿಷ ಹಾಕಿದರೆ 9 ಗಂಟೆಯಿಂದ 9:20. ಶುರು 6ಕ್ಕಾದರೆ ಮಧ್ಯಾಹ್ನ 3ರಿಂದ 3:30ರೊಳಗೆ ಬರ್ತೀರಿ. ಗೆಳತಿಗೂ ಇದೇ ಲೆಕ್ಕ: 39 ಅನ್ನು 6 ನಿಮಿಷ 38 ಸೆಕೆಂಡಿಗೆ ಗುಣಿಸಿದರೆ 4:19, ಶೇ. 20 ಸೇರಿಸಿದರೆ 5:10, ನಿಲ್ಲೋ ಹೊತ್ತು ಸೇರಿ 5:20ರ ಆಸುಪಾಸು. 12:20ಕ್ಕೆ ಮುಗಿಸ್ತಾರೆ. ಇಬ್ಬರಿಗೂ ಕಟಾಫ್ ಭಯ ಬೇಡ, ಮೊದಲ ಹತ್ತು ಕಿ.ಮೀ. ಹಾಳು ಮಾಡಿಕೊಳ್ಳದಿದ್ದರೆ.

ಹಾಳಾಗೋದು ಹೀಗೆ. ಬೆಳಿಗ್ಗೆ ತಂಪು, ಕಾಲು ಹಗುರ, ಮುಂದಿನವರೆಲ್ಲ ಓಡ್ತಿದ್ದಾರೆ ಅಂತ ಮೊದಲ ಏರಿನಲ್ಲೇ ಓಡೋದು. ಏರಿನಲ್ಲಿ ಪೂರ್ತಿ ಒಂದು ವಾಕ್ಯ ಮಾತಾಡೋಕೆ ಆಗದಿದ್ದರೆ ಆ ಕ್ಷಣವೇ ನಡಿಗೆಗೆ ಇಳಿಯಿರಿ. ಕಡಿದಾದ ಕಡೆ ಅಂಗೈಯನ್ನು ಮಂಡಿಯ ಮೇಲಿನ ತೊಡೆಗೆ ಊರಿ ಒತ್ತುತ್ತಾ ಚುರುಕಾಗಿ ನಡೆದರೆ ಓಡುವವರಿಗಿಂತ ಹೆಚ್ಚೇನೂ ಹಿಂದೆ ಬೀಳಲ್ಲ. 25ನೇ ಕಿ.ಮೀ.ಗೆ 4 ಗಂಟೆಯಿಂದ 4:15 ಸರಿಯಾದ ಹೊತ್ತು. 3:45ಕ್ಕಿಂತ ಮುಂಚೆ ಅಲ್ಲಿದ್ದರೆ ಖುಷಿಪಡಬೇಡಿ, ಆ ಸಾಲವನ್ನ 40ರ ನಂತರ ಬಡ್ಡಿ ಸಮೇತ ತೀರಿಸಬೇಕಾಗುತ್ತೆ.

ಈಗ ಅಭ್ಯಾಸ. ಎಲ್ಲರೂ ಏರಿನ ಬಗ್ಗೆ ತಲೆ ಕೆಡಿಸಿಕೊಳ್ತಾರೆ, ಸೋಲೋದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು. ಎಳೆಗಳು ಸಣ್ಣ ಸಣ್ಣದಾಗಿ ಹರಿಯೋದು ಆಗಲೇ. ಅಭ್ಯಾಸ ಇಲ್ಲದ ತೊಡೆ 30–35 ಕಿ.ಮೀ. ಹೊತ್ತಿಗೆ ಮರದ ದಿಮ್ಮಿಯಾಗುತ್ತೆ, ಆಮೇಲೆ ಇಳಿಜಾರಿನಲ್ಲೂ ನಡೆಯೋದೇ ಗತಿ. ಒಳ್ಳೆಯ ಸಂಗತಿ ಅಂದ್ರೆ ಸ್ನಾಯು ಬೇಗ ಕಲಿಯುತ್ತೆ. ಮೊದಲ ಸಲ ಇಳಿಜಾರು ಓಡಿದ ಮೇಲೆ ಎರಡು ಮೂರು ದಿನ ಮೆಟ್ಟಿಲು ಇಳಿಯೋಕಾಗಲ್ಲ, ಎರಡನೇ ಸಲ ಅರ್ಧ ನೋವೂ ಇರಲ್ಲ, ಆ ರಕ್ಷಣೆ ಕೆಲವು ವಾರ ಉಳಿಯುತ್ತೆ. ಹಾಗಾಗಿ ವಾರಕ್ಕೊಮ್ಮೆ ಇಳಿಜಾರಿಗೇ ಮೀಸಲಾದ ಓಟ ಇರಲಿ: ಸಾಧಾರಣ ಇಳಿಜಾರಿನಲ್ಲಿ 3 ನಿಮಿಷದ್ದು ನಾಲ್ಕು ಸಲದಿಂದ ಶುರು ಮಾಡಿ ಎಂಟು ಸಲದವರೆಗೆ. ಕೊನೆಯದು ರೇಸಿಗೆ 12–14 ದಿನ ಮುಂಚೆ ಮುಗಿದಿರಬೇಕು. ಹೆಜ್ಜೆ ಚಿಕ್ಕದು, ಬೇಗ ಬೇಗ. ಕಣ್ಣು ಮೂರು ನಾಲ್ಕು ಮೀಟರ್ ಮುಂದೆ. ಹಿಂದಕ್ಕೆ ವಾಲಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕಿದರೆ ಮಂಡಿಯೂ ಹೋಗುತ್ತೆ, ಒದ್ದೆ ಮಣ್ಣಿನಲ್ಲಿ ಕಾಲೂ ಜಾರುತ್ತೆ.

ಜಾಗ: ತಿಂಗಳಿಗೆ ಎರಡು ಸಲ ನಂದಿಬೆಟ್ಟ. ಬುಡದಿಂದ ಮೇಲಿನವರೆಗೆ ರಸ್ತೆ ಏಳೆಂಟು ಕಿ.ಮೀ. ಇದೆ, ಹತ್ತೋದು ನಡಿಗೆ, ಇಳಿಯೋದು ಓಟ. ವಾರದ ನಡುವೆ ನಿಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲೇ ಸಾಕು. ಒಂದು ಮಹಡಿಗೆ 3 ಮೀ. ಅಂತ ಹಿಡಿದರೆ ಹತ್ತು ಮಹಡಿ ಇಪ್ಪತ್ತು ಸುತ್ತು, 600 ಮೀ. ಏರಿಕೆ. ಇಳಿಯೋಕೆ ಲಿಫ್ಟ್ ಹತ್ತಬೇಡಿ, ನಮಗೆ ಬೇಕಾಗಿರೋದೇ ಇಳಿಯೋದು. ತುರಹಳ್ಳಿ ಕಾಡು ಚಿಕ್ಕದು, ಏರಿಕೆ ಸಿಗಲ್ಲ, ಆದರೆ ಕಲ್ಲಿನ ಮೇಲೆ ಕಾಲಿಡೋದನ್ನ ಕಲಿಯೋಕೆ ಒಳ್ಳೆ ಜಾಗ.

ನಿಮಗೆ ಉದ್ದದ ಓಟದಲ್ಲಿ ದೊಡ್ಡದು 32–35 ಕಿ.ಮೀ. ಅಥವಾ 5 ಗಂಟೆ, ಯಾವುದು ಮೊದಲೋ ಅದು, ರೇಸಿಗೆ ಮೂರು ವಾರ ಮುಂಚೆ. ಒಂದೆರಡು ವಾರಾಂತ್ಯ ಶನಿವಾರ ಮೂರೂವರೆ ಗಂಟೆ, ಭಾನುವಾರ ಎರಡು ಗಂಟೆ ನಿಧಾನ. ದಣಿದ ಕಾಲಲ್ಲಿ ಓಡೋ ಅಭ್ಯಾಸ ಅಲ್ಲೇ ಆಗೋದು. ಗೆಳತಿಗೆ 22–24 ಕಿ.ಮೀ. ಸಾಕು.


ಉತ್ತರ 2: ಉಣುಗೋಲು

ತೋಟದ ಕಡೆಯವನಾಗಿ ನೆಲದ ಬಗ್ಗೆ ಹೇಳ್ತೀನಿ. ನವೆಂಬರ್ ಮೊದಲ ವಾರ ಅಂದ್ರೆ ಹಿಂಗಾರಿನ ಮಳೆ ಇನ್ನೂ ಮುಗಿದಿರಲ್ಲ. ಬೆಳಿಗ್ಗೆ ಬಿಸಿಲಿದ್ದು ಮೂರು ಗಂಟೆಗೆ ಗುಡುಗಿ ಸುರಿಯೋದು ಮಾಮೂಲಿ. ತೋಟದ ಜೀಪ್ ರಸ್ತೆ ಕೆಂಪು ಜೇಡಿಮಣ್ಣು, ಒಣಗಿದಾಗ ಅಂಗಳದ ಹಾಗೆ ಓಡಬಹುದು, ಒದ್ದೆಯಾದರೆ ಸೋಪು. ಜಲ್ಲಿ ಇರೋ ಕಡೆಗಿಂತ ಮೋರಿಯ ಕಾಂಕ್ರೀಟ್ ಮೇಲೆ ಹೆಚ್ಚು ಜನ ಬೀಳ್ತಾರೆ, ಪಾಚಿ ಇರುತ್ತೆ. ಸಿಲ್ವರ್ ಓಕ್ ಎಲೆ ಉದುರಿ ಗುಂಡಿ ಮುಚ್ಚಿರುತ್ತೆ. ಕಾಫಿ ಸಾಲಿನ ಮಧ್ಯೆ ಮಳೆನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೋಡಿರ್ತಾರೆ. ಒಂದಕ್ಕೆ ಹೋಗೋಕೆ ಅಂತ ಸಾಲಿನೊಳಗೆ ನುಗ್ಗಿದರೆ ಮಂಡಿವರೆಗೆ ಹೋಗಬಹುದು, ನೋಡಿಕೊಂಡು ಕಾಲಿಡಿ.

ಶೂ: ಅಡಿಯ ಗುಬುಟು (ಉಬ್ಬು) 4–5 ಮಿ.ಮೀ. ಇರಲಿ, ಒಂದಕ್ಕೊಂದು ದೂರ ದೂರ ಇರಲಿ. ಹತ್ತಿರ ಹತ್ತಿರ ಇದ್ದರೆ ಜೇಡಿಮಣ್ಣು ನಡುವೆ ಕಚ್ಚಿಕೊಂಡು ಅಡಿ ಸಪಾಟಾಗುತ್ತೆ, ಒಂದೊಂದು ಕಾಲೂ ಅರ್ಧ ಕೆ.ಜಿ. ಭಾರ. ರೋಡ್ ಶೂ ಬೇಡ. ವಾಟರ್‌ಪ್ರೂಫ್ ಶೂ ಅದಕ್ಕಿಂತ ಬೇಡ. ಹಳ್ಳ ದಾಟುವಾಗ ನೀರು ಮೇಲಿಂದ ಒಳಗೆ ಹೋಗುತ್ತೆ, ಹೊರಗೆ ಬರೋಕೆ ದಾರಿ ಇರಲ್ಲ. ತೆಳು ಜಾಲರಿಯದ್ದು ತಗೊಳ್ಳಿ, ಅರ್ಧ ಸೈಜ್ ದೊಡ್ಡದು, ಇಳಿಜಾರಲ್ಲಿ ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗೋದು ತಪ್ಪುತ್ತೆ. ರೇಸಿಗೆ ಮೊದಲು ಅದರಲ್ಲಿ 60–80 ಕಿ.ಮೀ. ಓಡಿರಬೇಕು. ಉಗುರು ಹಿಂದಿನ ರಾತ್ರಿ ಕತ್ತರಿಸಬೇಡಿ, ಮೂರು ದಿನ ಮುಂಚೆ ಕತ್ತರಿಸಿ. ಒದ್ದೆ ಕಲ್ಲಿನ ಮೇಲೆ ಯಾವ ಶೂ ಕೂಡ ಹಿಡಿಯಲ್ಲ, ಅಂಗಾಲು ಪೂರ್ತಿ ಊರಿ, ತುದಿಗಾಲಲ್ಲಿ ಜಿಗಿಯಬೇಡಿ.

ಇಂಬಳ (ಜಿಗಣೆ) ಇದ್ದೇ ಇರುತ್ತೆ. ಓಡುತ್ತಿದ್ದರೆ ಕಡಿಮೆ, ಹುಲ್ಲಲ್ಲಿ ನಿಂತರೆ ಮುತ್ತಿಕೊಳ್ತವೆ. ಉದ್ದ ಕಾಲುಚೀಲ ಮೊಣಕಾಲ ಕೆಳಗಿನವರೆಗೆ ಎಳೆದುಕೊಂಡು, ಹೊಗೆಸೊಪ್ಪು ನೆನೆಸಿದ ನೀರು ಅಥವಾ ಡೆಟಾಲ್ ಹಾಕಿದ ಕೊಬ್ಬರಿ ಎಣ್ಣೆ ಸವರಿಕೊಂಡ್ರೆ ಒಂದೆರಡು ಗಂಟೆ ತಡೆಯುತ್ತೆ, ಹಳ್ಳ ದಾಟಿದ ಮೇಲೆ ಹೋಯ್ತು. ಕಚ್ಚಿದ್ದು ಗೊತ್ತಾದರೆ ಉಪ್ಪು ಹಾಕಿ, ಬಿಡುತ್ತೆ.

ಬೇಲಿ: ಐಬೆಕ್ಸ್ ತಂತಿ, ಅಂದ್ರೆ ಕರೆಂಟ್ ಬೇಲಿ, ಕಂಡರೆ ಮುಟ್ಟಬೇಡಿ, ಆನೆಗೆ ಅಂತ ಹಾಕಿದ್ದು. ಜೀವ ತೆಗೆಯಲ್ಲ, ಆದರೆ ಬೆವರಿದ ಕೈಗೆ ಹೊಡೆತ ಜೋರಾಗೇ ಇರುತ್ತೆ. ಗುರುತಿನ ರಿಬ್ಬನ್ ಇದ್ದ ಕಡೆ ಮಾತ್ರ ದಾಟಿ. ಉಣುಗೋಲು (ಬೇಲಿಯ ದಾರಿಗೆ ಹಾಕಿರೋ ಅಡ್ಡಗೋಲು) ಸರಿಸಿ ಹೋದರೆ ಮತ್ತೆ ಹಾಕಿ ಹೋಗಿ, ಇಲ್ಲಾಂದ್ರೆ ದನ ತೋಟಕ್ಕೆ ನುಗ್ಗಿ ಮುಂದಿನ ವರ್ಷ ಆ ತೋಟದವರು ರೇಸಿಗೆ ದಾರಿ ಕೊಡಲ್ಲ. ಅರೇಬಿಕಾ ಕೊಯ್ಲು ಶುರುವಾಗೋ ಕಾಲ, ಟ್ರ್ಯಾಕ್ಟರ್, ಪಿಕಪ್ ಓಡಾಡ್ತಿರುತ್ತವೆ. ಇಯರ್‌ಫೋನ್ ಬೇಡ.

ಶುಕ್ರವಾರ ಸಂಜೆ ಕಾಲು ಸಡಿಲ ಮಾಡಿಕೊಳ್ಳೋಣ ಅಂತ ಹೋಂಸ್ಟೇ ಹಿಂದಿನ ತೋಟದ ದಾರಿ ಹಿಡಿಯೋದು ಬಹಳ ಜನ ಮಾಡೋ ತಪ್ಪು. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ತೋಟದಲ್ಲೇ ಓಡಾಡ್ತವೆ, ಮಬ್ಬು ಬೆಳಕಲ್ಲಿ ಹತ್ತು ಮಾರು ದೂರದಲ್ಲಿದ್ದರೂ ಕಾಣಲ್ಲ. ಕಾಟಿಯೂ (ಕಾಡುಕೋಣ) ಅಷ್ಟೇ. ಮನೆಯವರನ್ನ ಕೇಳದೆ ಹೊರಗೆ ಕಾಲಿಡಬೇಡಿ. ಟಾರು ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಾಕು.

ಹೆಜ್ಜೇನು: ಎತ್ತರದ ಮರದಲ್ಲಿ ತಟ್ಟೆಗಳಿರುತ್ತವೆ. ಕೆಳಗೆ ಕೂಗಾಡಬೇಡಿ, ಸೆಂಟ್ ಹಾಕಿಕೊಳ್ಳಬೇಡಿ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡೋದೊಂದೇ, ದೂರ ಓಡಬೇಕು. ಅವತ್ತಿನ ಮಟ್ಟಿಗೆ ವೇಗದ ಲೆಕ್ಕ ಬಿಟ್ಟುಬಿಡಿ.

ಹಾವು: ಮಂಡಲದ ಹಾವುಗಳು ಎಲೆಯ ಬಣ್ಣದಲ್ಲೇ ಇರುತ್ತವೆ. ಏರು ಹತ್ತುವಾಗ ಕಲ್ಲಿಗೆ, ಗಿಡದ ಬುಡಕ್ಕೆ ನೋಡದೆ ಕೈ ಹಾಕಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಕಾಲು ಅಲುಗಾಡಿಸದೆ ಕೂತು, ಸೀಟಿ ಊದಿ, ಸ್ವಯಂಸೇವಕರಿಗೆ ಹೇಳಿ, 108ಕ್ಕೆ ಕರೆ. ಉಂಗುರ, ಕಾಲ್ಗೆಜ್ಜೆ ಇದ್ದರೆ ಊದಿಕೊಳ್ಳೋ ಮೊದಲೇ ತೆಗೆಯಿರಿ.


ಉತ್ತರ 3: ಉಪ್ಪುಬೆಲ್ಲ

ತಿನ್ನೋದರ ಲೆಕ್ಕ. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಒಂಬತ್ತು ಗಂಟೆಗೆ 50ರಂತೆ ಹಿಡಿದರೂ 450 ಗ್ರಾಂ. ಇದನ್ನ ಏಡ್ ಸ್ಟೇಷನ್ ನಂಬಿಕೊಂಡು ಮಾಡೋಕಾಗಲ್ಲ, ಅರ್ಧ ನಿಮ್ಮ ಚೀಲದಲ್ಲೇ ಇರಲಿ. ಅಳತೆಗೆ: ಏಲಕ್ಕಿ ಬಾಳೆ ಒಂದಕ್ಕೆ ಸುಮಾರು 10 ಗ್ರಾಂ, ಪಚ್ಚಬಾಳೆ ಮಧ್ಯಮ ಗಾತ್ರದ್ದು 25. ನಿಂಬೆ ಗಾತ್ರಕ್ಕಿಂತ ಚಿಕ್ಕ ಬೆಲ್ಲದ ಚೂರು, 20 ಗ್ರಾಂ ತೂಗೋದು, 17–18. ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ 100 ಗ್ರಾಂಗೆ ಹೆಚ್ಚೂಕಡಿಮೆ 18. ಜೆಲ್ (ಓಟಗಾರರು ಹೀರೋ ಸಿಹಿ ಪಾಕದ ಪೊಟ್ಟಣ) ಒಂದಕ್ಕೆ 20ರಿಂದ 25. ಕಡಲೆಮಿಠಾಯಿ ಮೊದಲ ಎರಡು ಗಂಟೆಯಲ್ಲಿ ತಿನ್ನಿ, ಆಮೇಲೆ ಬೇಡ, ಶೇಂಗಾದ ಕೊಬ್ಬು ಹೊಟ್ಟೆಯಲ್ಲಿ ಕೂತುಬಿಡುತ್ತೆ.

ವಾಚಿನಲ್ಲಿ 25 ನಿಮಿಷಕ್ಕೊಮ್ಮೆ ಅಲಾರಂ ಇಡಿ. ಹಸಿವಾದಾಗ ತಿನ್ನೋಣ ಅಂದ್ರೆ ತಡವಾಗಿರುತ್ತೆ. ಜೆಲ್ ಆದರೆ ಜೊತೆಗೆ ನಾಲ್ಕೈದು ಗುಟುಕು ಬರೀ ನೀರು. ಓಆರ್‌ಎಸ್ ಜೊತೆ ಜೆಲ್ ತಗೊಂಡ್ರೆ ಹೊಟ್ಟೆ ತೊಳೆಸುತ್ತೆ.

ಕುಡಿಯೋದು: ಆ ಹವೆಗೆ ಗಂಟೆಗೆ 400–600 ಮಿ.ಲೀ. ನಿಮ್ಮ ಲೆಕ್ಕ ಬೇಕಾದರೆ ಒಂದು ಗಂಟೆ ಓಟದ ಮೊದಲು, ಆಮೇಲೆ ಒದ್ದೆ ಬಟ್ಟೆ ತೆಗೆದು ತೂಕ ನೋಡಿ. ಕಡಿಮೆಯಾದ ಒಂದು ಕೆ.ಜಿ. ಅಂದ್ರೆ ಒಂದು ಲೀಟರ್ ಬೆವರು. ಕಳೆದುಕೊಂಡಷ್ಟೂ ತುಂಬಿಸಬೇಕಿಲ್ಲ, ಮುಕ್ಕಾಲು ಭಾಗ ಸಾಕು.

ವೆಸ್ಟಿನ (ಓಡುವಾಗ ಮೈಗೆ ಹಾಕಿಕೊಳ್ಳೋ ಚೀಲ) ಮುಂದೆ ಎರಡು 500 ಮಿ.ಲೀ. ಮೆತ್ತನೆ ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಅರ್ಧ ಪೊಟ್ಟಣ ಓಆರ್‌ಎಸ್. ಡಬ್ಲ್ಯುಎಚ್‌ಒ ಸೂತ್ರದ ಪೊಟ್ಟಣ 20.5 ಗ್ರಾಂ ಇರುತ್ತೆ, 1 ಲೀಟರಿಗೆ. ಅದರಲ್ಲಿ ಗ್ಲುಕೋಸ್ 13.5 ಗ್ರಾಂ ಮಾತ್ರ, ಸೋಡಿಯಂ ಲೀಟರಿಗೆ 1.7 ಗ್ರಾಂ ಹತ್ತಿರ. ಅಂದ್ರೆ ಇದು ಉಪ್ಪಿಗೆ, ಶಕ್ತಿಗಲ್ಲ. ಗಂಟೆಗೆ 250 ಮಿ.ಲೀ. ಇದು, ಇನ್ನು 250 ಬರೀ ನೀರು ಅಂತಿಟ್ಟರೆ ಸೋಡಿಯಂ 430 ಮಿ.ಗ್ರಾಂ ಸಿಗುತ್ತೆ, ಹೆಚ್ಚಿನವರಿಗೆ ಸಾಕು. ಪೊಟ್ಟಣದ ಹಿಂದೆ ಡಬ್ಲ್ಯುಎಚ್‌ಒ ಸೂತ್ರ ಅಂತ ಇದೆಯಾ ಓದಿ, ಹಣ್ಣಿನ ರುಚಿಯ ರೆಡಿಮೇಡ್ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ.

ಎರಡು ಎಚ್ಚರಿಕೆ. ಭಯಕ್ಕೆ ಪ್ರತಿ ಏಡ್ ಸ್ಟೇಷನ್‌ನಲ್ಲೂ ಲೀಟರ್‌ಗಟ್ಟಲೆ ಬರೀ ನೀರು ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ಬೆರಳು ಊದಿಕೊಳ್ಳುತ್ತೆ, ತಲೆನೋವು, ವಾಂತಿ, ಆಮೇಲೆ ಗೊಂದಲ. ನೋಡೋಕೆ ನಿರ್ಜಲೀಕರಣದ ಹಾಗೇ ಇರುತ್ತೆ, ಅದಕ್ಕೇ ಇನ್ನೂ ನೀರು ಕುಡಿಸಿ ಅಪಾಯ ಮಾಡ್ತಾರೆ. ಎರಡನೆಯದು, ಓಟದ ಮೊದಲಾಗಲಿ ನಡುವೆಯಾಗಲಿ ಬ್ರೂಫೆನ್ ತರಹದ ನೋವಿನ ಮಾತ್ರೆ ನುಂಗಬೇಡಿ. ನೀರು ಕಮ್ಮಿಯಾಗಿರೋ ಮೂತ್ರಪಿಂಡಕ್ಕೆ ಅದು ದೊಡ್ಡ ಪೆಟ್ಟು.

ಹಿಂದಿನ ರಾತ್ರಿ ಹೋಂಸ್ಟೇಯಲ್ಲಿ ಹಂದಿ ಸಾರು, ಕೋಳಿ ಕಜ್ಜ, ಅಕ್ಕಿರೊಟ್ಟಿ ಅಂತ ಬಡಿಸ್ತಾರೆ. ಕಡುಬು ಅಥವಾ ಅನ್ನ, ತಿಳಿಸಾರು, ಮೊಸರು ತಿನ್ನಿ. ಖಾರದ ಮಾಂಸ, ಕಾಳುಪಲ್ಯ, ಹಸಿ ಸೌತೆ ಭಾನುವಾರಕ್ಕಿರಲಿ. ಬೆಳಿಗ್ಗೆ ಮೂರೂವರೆಗೆ ಯಾರೂ ಅಡುಗೆ ಮಾಡಿಕೊಡಲ್ಲ, ಬ್ರೆಡ್ಡು, ಜಾಮು, ಬಾಳೆಹಣ್ಣು ಬೆಂಗಳೂರಿಂದಲೇ ತಗೊಂಡು ಹೋಗಿ, ಫ್ಲಾಸ್ಕಿನಲ್ಲಿ ಬಿಸಿನೀರು ರಾತ್ರಿಯೇ ಕೇಳಿಟ್ಟುಕೊಳ್ಳಿ. ಕಾಫಿ ಅಭ್ಯಾಸ ಇದ್ದರೆ ಕುಡಿದೇ ಹೊರಡಿ, ಹೊಟ್ಟೆ ಖಾಲಿಯಾಗೋದೂ ಅದರಿಂದಲೇ.

ನಡುವೆ ಹೊಟ್ಟೆ ಕೆಟ್ಟರೆ ಕಾರಣ ಹೆಚ್ಚಾಗಿ ವೇಗ, ತಿಂದದ್ದಲ್ಲ. ರಕ್ತವೆಲ್ಲ ಕಾಲಿಗೆ ಹೋದಾಗ ಹೊಟ್ಟೆ ಕೆಲಸ ನಿಲ್ಲಿಸುತ್ತೆ. ಹತ್ತು ನಿಮಿಷ ನಡೆಯಿರಿ, ಗುಟುಕು ನೀರು, ಆಮೇಲೆ ಒಂದು ತುಂಡು ಆಲೂಗಡ್ಡೆ. ಸಿಹಿ ಸೇರದ ಹೊತ್ತಲ್ಲೂ ಆಲೂಗಡ್ಡೆ ಸೇರುತ್ತೆ.


ಉತ್ತರ 4: ಬೈಪಾಸ್

ಓಟದ ಬಗ್ಗೆ ಎಲ್ಲ ಬಂತು, ನಾನು ಕಾರಿನ ಬಗ್ಗೆ. ಶನಿವಾರ ರಾತ್ರಿ ವಾಪಸ್ ಅನ್ನೋದನ್ನ ಈಗಲೇ ಕೈಬಿಡಿ. ಮೂರು ಗಂಟೆಗೆ ಎದ್ದು, ಒಂಬತ್ತು ಗಂಟೆ ಓಡಿ, ಆಮೇಲೆ 245 ಕಿ.ಮೀ., ಐದು ಗಂಟೆ ಡ್ರೈವಿಂಗ್. ಕುಣಿಗಲ್ ದಾಟೋ ಹೊತ್ತಿಗೆ ಕಣ್ಣು ತೆರೆದೇ ನಿದ್ದೆ ಬರುತ್ತೆ. ರೂಮು ಎರಡು ರಾತ್ರಿಗೆ ಹಾಕಿ.

ಶುಕ್ರವಾರ ರಜೆ ಹಾಕಿ, ಹನ್ನೊಂದರ ಒಳಗೆ ಹೊರಡಿ. ಮಧ್ಯಾಹ್ನ ಮೂರಾದರೆ ನೆಲಮಂಗಲದಲ್ಲೇ ಒಂದು ಗಂಟೆ ಹೋಯ್ತು. ಮಾಮೂಲಿ ದಾರಿ ಕುಣಿಗಲ್, ಹಾಸನ, ಬೇಲೂರು. ಇನ್ನೊಂದು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು. ರೇಸ್ ಚಿಕ್ಕಮಗಳೂರಿನ ಯಾವ ದಿಕ್ಕಿಗಿದೆ ನೋಡಿ ಆರಿಸಿಕೊಳ್ಳಿ. ಕಾರು ಬೇಡವೆಂದರೆ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಕಡೂರಿಗೆ ಇಳಿದು ಬಸ್ಸು, 40 ಕಿ.ಮೀ., ಆದರೆ ಬೆಳಗಿನ ಜಾವ ಶುರುವಾಗೋ ಜಾಗಕ್ಕೆ ಹೋಗೋಕೆ ಜೀಪ್ ಮುಂಚೆಯೇ ಗೊತ್ತು ಮಾಡಬೇಕು.

ರೂಮು ಬುಕ್ ಮಾಡುವಾಗ ಚಿಕ್ಕಮಗಳೂರಿಂದ ಎಷ್ಟು ದೂರ ಅಂತ ಕೇಳಬೇಡಿ, ಶುರುವಾಗೋ ಜಾಗದಿಂದ ಎಷ್ಟು ನಿಮಿಷ ಅಂತ ಕೇಳಿ. ಮ್ಯಾಪಿನಲ್ಲಿ 12 ಕಿ.ಮೀ. ಕಂಡದ್ದು ತೋಟದ ರಸ್ತೆಯಲ್ಲಿ 45 ನಿಮಿಷ ಆಗುತ್ತೆ. ಕೊನೆಯ ಎರಡು ಮೂರು ಕಿ.ಮೀ.ಗೆ ನಿಮ್ಮ ಕಾರು ಹೋಗುತ್ತಾ, ಜೀಪೇ ಬೇಕಾ, ಅದನ್ನೂ ಕೇಳಿ. ಪೆಟ್ರೋಲು, ನಗದು ಊರಲ್ಲೇ ಆಗಲಿ. ಮ್ಯಾಪ್ ಮತ್ತು ರೇಸಿನ ದಾರಿ ತೋರಿಸೋ ಜಿಪಿಎಕ್ಸ್ ಫೈಲು ಬೆಂಗಳೂರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಗುಡ್ಡದ ಮಡಿಲಲ್ಲಿ ಸಿಗ್ನಲ್ ಇರಲ್ಲ.

ಶನಿವಾರದ ಕ್ರಮ: ನೀವು 3:15ಕ್ಕೆ ಎದ್ದು ತಿನ್ನಿ. ಗೆಳತಿ 4ಕ್ಕೆ ಅರ್ಧ ತಿಂದು, ಇನ್ನರ್ಧ ಶುರುವಾಗೋ ಜಾಗದಲ್ಲಿ 5:30ಕ್ಕೆ ತಿನ್ನಲಿ. ಇಬ್ಬರೂ 4:40ಕ್ಕೆ ಹೊರಟು 5:15ಕ್ಕೆ ತಲುಪಿದರೆ ಶೌಚಾಲಯದ ಸಾಲಿಗೂ ಹೊತ್ತಿರುತ್ತೆ. ಆ ತಿಂಗಳಲ್ಲಿ ಸೂರ್ಯ ಹುಟ್ಟೋದು 6:20ರ ಸುಮಾರಿಗೆ, ನಿಮಗೆ ಮೊದಲ ಅರ್ಧ ಗಂಟೆ ತಲೆದೀಪ ಬೇಕು. ಗೆಳತಿ ಎರಡು ಗಂಟೆ ಚಳಿಯಲ್ಲಿ ಕೂರಬೇಕು, ಹಳೇ ಸ್ವೆಟರ್ ಇರಲಿ.

ಕೀ ಯಾರ ಹತ್ತಿರ ಅನ್ನೋದು ಬಹಳ ಜನ ಯೋಚಿಸಲ್ಲ. ಮೊದಲು ಮುಗಿಸೋರು ಗೆಳತಿ, ಆದರೆ ನೀವು ಓಟ ನಿಲ್ಲಿಸಿ ಜೀಪಿನಲ್ಲಿ ಬೇಗ ಬಂದರೆ ಒಣ ಬಟ್ಟೆ ಕಾರೊಳಗೆ, ಕೀ ಕಾಡೊಳಗೆ. ಎರಡೂ ಕೀ ತಗೊಂಡು ಹೋಗಿ, ಒಬ್ಬೊಬ್ಬರ ಹತ್ತಿರ ಒಂದೊಂದು. ರಿಮೋಟ್ ಇಲ್ಲದ್ದು ಒಬ್ಬರ ವೆಸ್ಟಿನ ಜಿಪ್ಪಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ. ರಿಮೋಟ್ ಇದ್ದದ್ದನ್ನ ಇನ್ನೊಬ್ಬರೂ ಹಾಗೇ ಕವರಿನಲ್ಲಿಡಿ, ಇಲ್ಲಾಂದ್ರೆ ಬೆವರಿಗೆ, ಮಳೆಗೆ ಸತ್ತುಹೋಗುತ್ತೆ.

ಗಾಬರಿಗೂ ಒಂದು ಗಡುವು ಇಟ್ಟುಕೊಳ್ಳಿ. ನಿಮ್ಮ ಹೊತ್ತು 3:30, ಗೆಳತಿ 4:15ರವರೆಗೆ ಸುಮ್ಮನಿರಲಿ, ಆಮೇಲೆ ನಿಮ್ಮ ಬಿಬ್ (ಎದೆಗೆ ಹಚ್ಚಿಕೊಳ್ಳೋ ಚೀಟಿ) ನಂಬರ್ ಹೇಳಿ ಆಯೋಜಕರ ಹತ್ತಿರ ಕೇಳಲಿ, ಕೊನೆಯ ಯಾವ ಚೆಕ್‌ಪಾಯಿಂಟ್ ದಾಟಿದ್ದೀರಿ ಅಂತ ಅವರಿಗೆ ಗೊತ್ತಿರುತ್ತೆ. ತಾವೇ ಹುಡುಕಿಕೊಂಡು ಟ್ರೇಲಿಗೆ ಹೋಗಬಾರದು. ನೀವು ಓಟ ಬಿಟ್ಟರೆ ಬಿಬ್ ತೋರಿಸಿ ಸ್ವಯಂಸೇವಕರ ಹತ್ತಿರ ಬರೆಸಿಯೇ ಬನ್ನಿ. ಹೇಳದೆ ರಸ್ತೆಗಿಳಿದು ಯಾರದೋ ಜೀಪ್ ಹತ್ತಿ ಬಂದರೆ ರಾತ್ರಿಯಿಡೀ ಹುಡುಕಾಟ.

ಭಾನುವಾರ ಬಂದದ್ದೇ ಬಂದೆವು ಅಂತ ಮುಳ್ಳಯ್ಯನಗಿರಿಗೆ ಹೋಗಬೇಡಿ. 1,930 ಮೀ. ಎತ್ತರ ಕಾರು ಹತ್ತಿಬಿಡುತ್ತೆ, ಕೊನೆಯ ಮೆಟ್ಟಿಲು ನೀವೇ ಇಳಿಯಬೇಕು. ವಾಪಸ್ ದಾರಿಯಲ್ಲೇ ಬೇಲೂರಿದೆ. 1117ರ ಚೆನ್ನಕೇಶವ ದೇವಸ್ಥಾನ, ಅಂಗಳ ಸಮತಟ್ಟು, ಬರಿಗಾಲಲ್ಲಿ ತಣ್ಣನೆ ಕಲ್ಲಿನ ಮೇಲೆ ನಿಧಾನ ಸುತ್ತು ಹಾಕಿದರೆ ಊದಿದ ಪಾದಕ್ಕೂ ಹಿತ. ಹತ್ತರ ಒಳಗೆ ಹೋಗಿ, ಆಮೇಲೆ ಕಲ್ಲು ಕಾಯುತ್ತೆ. ಡ್ರೈವಿಂಗ್ ಮೊದಲು 30 ಓಡಿದವರದ್ದು. ಕ್ಲಚ್ ಇರೋ ಗಾಡಿಯಾದರೆ 50 ಓಡಿದ ಎಡಗಾಲು ಹಾಸನದ ಟ್ರಾಫಿಕ್ಕಿನಲ್ಲಿ ಹಿಡಿದುಕೊಳ್ಳುತ್ತೆ. ಒಂದು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ.


ಮಂಜಿನಹನಿ

ಎಲ್ಲರಿಗೂ ಧನ್ಯವಾದ. ಎರಡನೇ ರಾತ್ರಿಗೂ ರೂಮು ಹೇಳಿದ್ದಾಯ್ತು. ಇನ್ನು ಕೆಲವು ಸಂದೇಹ. ಊರಿಕೊಂಡು ನಡೆಯೋ ಕೋಲು ಬೇಕಾ? ಡ್ರಾಪ್ ಬ್ಯಾಗಿನಲ್ಲಿ ಏನಿಡಲಿ? ಅವತ್ತೇ ಮುಟ್ಟಾಗೋ ಸಾಧ್ಯತೆ ಇದೆ, ಏನು ಮಾಡೋದು? ಬೆಟ್ಟದ ಓಟಕ್ಕೆ ಉಪ್ಪಿನ ಮಾತ್ರೆ ತಗೊಂಡರೆ ಕ್ರ್ಯಾಂಪ್ ಬರಲ್ಲ ಅಂತಾರೆ, ನಿಜವಾ?


ಉತ್ತರ 5: ಶುಂಠಿಕಾಫಿ

ಮುಟ್ಟಿನ ಪ್ರಶ್ನೆ ಮೊದಲು. ಒದ್ದೆಯಾದ ಪ್ಯಾಡ್ ಒಂಬತ್ತು ಗಂಟೆ ತೊಡೆ ಉಜ್ಜಿದರೆ ಗಾಯವೇ ಆಗುತ್ತೆ. ಕಪ್ ಅಭ್ಯಾಸ ಇದ್ದರೆ ಅದೇ ಒಳ್ಳೆಯದು, ಇಡೀ ಓಟಕ್ಕೆ ತೆಗೆಯಬೇಕಾಗಿಲ್ಲ. ಆದರೆ ಅದನ್ನ ಈ ಒಂಬತ್ತು ವಾರದಲ್ಲಿ ಎರಡು ಉದ್ದದ ಓಟದಲ್ಲಿ ಪರೀಕ್ಷಿಸಿ, ರೇಸಿನ ದಿನ ಮೊದಲ ಸಲ ಬೇಡ. ಪ್ಯಾಡೇ ಆದರೆ 25ರಲ್ಲಿ ಬದಲಿಸೋಕೆ ಡ್ರಾಪ್ ಬ್ಯಾಗಿನಲ್ಲಿ ಎರಡು, ವೆಸ್ಟಿನಲ್ಲಿ ಒಂದು, ಬಳಸಿದ್ದು ಹಾಕೋಕೆ ಜಿಪ್ ಕವರ್. ತೋಟದಲ್ಲಿ ಬಿಸಾಡಬೇಡಿ. ಹೊಟ್ಟೆನೋವಿಗೆ ಮೆಫ್ತಾಲ್ ನುಂಗೋ ಅಭ್ಯಾಸ ಇರೋರು ಮೇಲೆ ಉಪ್ಪುಬೆಲ್ಲ ಬರೆದದ್ದು ನೋಡಿ, ಅದೂ ಬ್ರೂಫೆನ್ ಜಾತಿಯದ್ದೇ. ಬದಲಿಗೆ ಏನು ಅಂತ ನಿಮ್ಮ ಡಾಕ್ಟರನ್ನ ಮುಂಚೆಯೇ ಕೇಳಿಟ್ಟುಕೊಳ್ಳಿ.

ವ್ಯಾಸಲಿನ್ ಎಲ್ಲೆಲ್ಲಿ: ಒಳತೊಡೆ, ಕಂಕುಳು, ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ, ವೆಸ್ಟಿನ ಪಟ್ಟಿ ಕತ್ತಿಗೆ ತಾಗೋ ಜಾಗ, ಬೆರಳುಗಳ ನಡುವೆ. ಬ್ರಾದ ಕೆಳಪಟ್ಟಿ ಉಜ್ಜಿದ್ದು ಓಡುವಾಗ ಗೊತ್ತಾಗಲ್ಲ, ಸ್ನಾನಕ್ಕೆ ನೀರು ಬಿದ್ದಾಗ ಗೊತ್ತಾಗುತ್ತೆ.

ಡ್ರಾಪ್ ಬ್ಯಾಗ್: ಒಣ ಕಾಲುಚೀಲ, ಟೀ ಶರ್ಟ್, ಚಿಕ್ಕ ಟವಲ್, ವ್ಯಾಸಲಿನ್, ಉಳಿದರ್ಧದ ತಿನಿಸು, ಎರಡು ಓಆರ್‌ಎಸ್, ತೆಳು ಮಳೆ ಜಾಕೆಟ್. ಮೇಲೆ ಒಂದು ಚೀಟಿ ಅಂಟಿಸಿ, ಮಾಡಬೇಕಾದ್ದು ಕ್ರಮವಾಗಿ ಬರೆದು. 25 ಕಿ.ಮೀ. ಆದ ಮೇಲೆ ತಲೆ ಓಡಲ್ಲ, ಜಾಕೆಟ್ ಅಲ್ಲೇ ಬಿಟ್ಟು ಹೋಗ್ತೀರಿ. 26ರಲ್ಲೇ ಹಳ್ಳ ಇದ್ದರೆ ಕಾಲುಚೀಲ ಬದಲಿಸೋದು ದಂಡ, ನಕ್ಷೆ ನೋಡಿ. ಎಂಟು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ.


ಉತ್ತರ 6: ಕೆಂಪುಮಣ್ಣು

ಉಪ್ಪಿನ ಮಾತ್ರೆಯಿಂದ ಕ್ರ್ಯಾಂಪ್ ನಿಲ್ಲುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಅಭ್ಯಾಸಕ್ಕಿಂತ ಹೆಚ್ಚು ಕೆಲಸ ಕೊಟ್ಟ, ದಣಿದ ಸ್ನಾಯುವೇ ಹಿಡಿದುಕೊಳ್ಳೋದು, ಅದಕ್ಕೇ ಬರೀ ಮೀನಖಂಡ ಹಿಡಿಯುತ್ತೆ, ಇಡೀ ಮೈ ಅಲ್ಲ. ಬಂದರೆ ನಿಂತು ಆ ಸ್ನಾಯುವನ್ನ ಮೆಲ್ಲಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಆಮೇಲೆ ನಿಧಾನ. ಉಪ್ಪು ತಿನ್ನಬೇಡಿ ಅಂತಲ್ಲ, ಮೇಲಿನ ಓಆರ್‌ಎಸ್ ಲೆಕ್ಕ ಸರಿಯಾಗಿದೆ. ಅದರಿಂದ ಪವಾಡ ನಿರೀಕ್ಷಿಸಬೇಡಿ ಅಷ್ಟೆ.

ಕೋಲು: ತೋಟದ ಜೀಪ್ ರಸ್ತೆಯಲ್ಲಿ 1,700 ಮೀ. ಏರಿಕೆಗೆ ಅಗತ್ಯ ಇಲ್ಲ. ಅಭ್ಯಾಸ ಇಲ್ಲದವರ ಕೈಯಲ್ಲಿ ಇಕ್ಕಟ್ಟು ದಾರಿಯಲ್ಲಿ ಹಿಂದಿನವರ ಮಂಡಿಗೆ ಚುಚ್ಚುತ್ತೆ. ಗೆಳತಿಗೆ ಮಂಡಿ ತೊಂದರೆ ಇದ್ದರೆ ಮಾತ್ರ, ಅದೂ ರೇಸಿನ ನಿಯಮದಲ್ಲಿ ಬಿಡ್ತಾರಾ ನೋಡಿ.

ಉಣುಗೋಲು ಅವರಿಗೆ ಒಂದು ತಕರಾರು. ಕಚ್ಚಿಕೊಂಡಿರೋ ಇಂಬಳಕ್ಕೆ ಉಪ್ಪು, ಬೆಂಕಿ ಹಾಕಿದರೆ ಹೊಟ್ಟೆಯಲ್ಲಿದ್ದದ್ದನ್ನ ಗಾಯದೊಳಗೇ ಕಕ್ಕುತ್ತೆ, ಸೋಂಕಾಗಬಹುದು. ತೆಳ್ಳಗಿರೋ ತುದಿ ಬಾಯಿ, ಅದರ ಪಕ್ಕ ಉಗುರು ಒತ್ತಿ ಜಾರಿಸಿದರೆ ಹಿಡಿತ ಬಿಡುತ್ತೆ.


ಉತ್ತರ 7: ಉಣುಗೋಲು

ಒಪ್ಪಿದೆ ಸಾರ್, ಪುಸ್ತಕದ ಪ್ರಕಾರ ನೀವು ಹೇಳಿದ್ದೇ ಸರಿ. ತೋಟದಲ್ಲಿ ಕೆಲಸ ಮಾಡೋರು ಸುಣ್ಣ ಹಚ್ಚೋದು ಬಿಡಲ್ಲ, ಅದು ಬೇರೆ ಮಾತು. ರೇಸಿನಲ್ಲಂತೂ ಎರಡಕ್ಕೂ ನಿಲ್ಲಬೇಡಿ. ನೀವು ಕೀಳೋಕೆ ಅಂತ ಹುಲ್ಲಲ್ಲಿ ಬಗ್ಗಿದಾಗ ಇನ್ನು ನಾಲ್ಕು ಹತ್ತುತ್ತವೆ. ಹೊಟ್ಟೆ ತುಂಬಿದರೆ ತಾನೇ ಉದುರುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಬಿಟ್ಟಿರುತ್ತೆ, ಅದಕ್ಕೇ ಗಂಟೆಗಟ್ಟಲೆ ಸೋರೋದು, ಹೆದರಬೇಡಿ. ಮುಗಿದ ಮೇಲೆ ಸೋಪು ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ಪಟ್ಟಿ ಹಾಕಿ. ಕೆರೆಯಬೇಡಿ, ವಾರವಿಡೀ ತುರಿಸುತ್ತೆ.

ಕಾರು ಹತ್ತೋ ಮೊದಲು ಶೂ, ಕಾಲುಚೀಲ ಬಿಚ್ಚಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಡಿಕ್ಕಿಗೆ ಹಾಕಿ. ಹಾಗೇ ಹತ್ತಿದರೆ ಸೀಟಿನ ಕೆಳಗೆ ಸೇರಿಕೊಂಡ ಇಂಬಳ ಬೆಂಗಳೂರಿನವರೆಗೂ ನಿಮ್ಮ ಜೊತೆ ಬರುತ್ತೆ.